ಪಾದ್ರಿ ದೊರೆಗಳ ಗೃಹಪ್ರವೇಶ

1834ರ ಅಕ್ಟೋಬರಿನಲ್ಲಿ ಮೂವರು ಬ್ರಹ್ಮಚಾರಿಗಳು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು, ತಿಂಗಳು ಮುಗಿಯುವುದರೊಳಗೆ ಮಂಗಳೂರು ಸೇರಿದರು. ಸಾಮುವೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಶ್ಚಿಯನ್ ಗ್ರೈನರ್. ಬ್ರಹ್ಮಚಾರಿಗಳು ಎಂದೊಡನೆ ಕಾವಿ, ಕಮಂಡಲ ನೆನೆಸಿಕೊಳ್ಳುವುದು ಬೇಡ. ಅವರದು ವೈರಾಗ್ಯದ ಬ್ರಹ್ಮಚರ್ಯವಲ್ಲ, ನೌಕರಿಯ ಷರತ್ತು. ಅವರನ್ನು ಕಳಿಸಿದ ಬಾಸೆಲ್ ಮಿಶನ್ನಿನ ಕಟ್ಟಳೆ ಬರಬರುತ್ತ ಹೀಗೆ ಗಟ್ಟಿಯಾಯಿತು: ಹೋಗುವಾಗ ಒಬ್ಬನೇ ಹೋಗಬೇಕು. ಎರಡು ವರ್ಷವಾದರೂ ಅಲ್ಲಿನ ಬಿಸಿಲಿಗೆ ಬೆಂದು, ಮಳೆಗೆ ನೆಂದು, ಭಾಷೆ ಕಲಿತು, ಜ್ವರಕ್ಕೆ ಬಲಿಯಾಗದೆ ಉಳಿದರೆ, ಆಮೇಲೆ ಮದುವೆಗೆ ಅಪ್ಪಣೆ ಕೋರಿ ಬಾಸೆಲಿಗೆ ಅರ್ಜಿ ಹಾಕಿಕೊಳ್ಳಬಹುದು. ಸತ್ತುಹೋದರೆ ಹೆಂಡತಿಯ ಹಡಗಿನ ಖರ್ಚು ಉಳಿಯಿತು.

ಅರ್ಜಿ ನೋಡುತ್ತಿದ್ದುದು ಕಮಿಟಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಉಳ್ಳವರು, ದೈವಭೀರುಗಳು, ಪಾದ್ರಿಗಳು ಕೂಡಿದ ಮಂಡಳಿ ಅದು. 1815ರಲ್ಲಿ ಹುಟ್ಟಿದ ಸಂಸ್ಥೆ. ಬ್ರಿಟಿಷೇತರ ಮಿಶನ್ನುಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ನೆಲದಲ್ಲಿ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆ. ತೆರೆದ ಮರುವರ್ಷವೇ ಇವರು ಹೊಸ್ತಿಲು ದಾಟಿದರು. ನಮ್ಮ ಕಡೆಯ ಕೂಡು ಕುಟುಂಬಗಳಲ್ಲಿ ಯಜಮಾನ ಜಗಲಿಯ ಮೇಲೆ ಕೂತು ಒಮ್ಮೆ ಕೆಮ್ಮಿದರೆ ಒಳಗೆ ಸೊಸೆಯಂದಿರ ಬಳೆಯ ಸದ್ದು ನಿಲ್ಲುತ್ತಿತ್ತು. ಕಮಿಟಿ ಎಂಬ ಯಜಮಾನನ ಕೆಮ್ಮು ಹಡಗು ಹತ್ತಿ ತಿಂಗಳುಗಟ್ಟಲೆ ಸಾಗಿ ಬರಬೇಕಾಗಿತ್ತು. ಆದರೂ ಅದು ತಲುಪಿದ ದಿನ ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿನ ಮಿಶನ್ ಮನೆಯಲ್ಲಿ ಚಮಚದ ಸದ್ದು ನಿಲ್ಲುತ್ತಿತ್ತು.

ಬಂದದ್ದು ನಮ್ಮ ಆತ್ಮಗಳ ಉದ್ಧಾರಕ್ಕೆ. ಜತೆಗೆ ನಮ್ಮ ಸಂಸಾರಗಳ ದುರಸ್ತಿಯೂ ಕಾರ್ಯಕ್ರಮದಲ್ಲಿತ್ತು. ಮುಖ ನೋಡದೆ ಮದುವೆ, ಹಿರಿಯರು ತೋರಿಸಿದ ಕೊರಳಿಗೆ ತಾಳಿ, ಹಾಲುಗಲ್ಲದ ಮಕ್ಕಳನ್ನು ತಾಯಿಯಿಂದ ಅಗಲಿಸಿ ಕಳಿಸುವುದು, ಜಾತಿಯ ಕಟ್ಟು, ಊಟದಲ್ಲಿ ಪಂಕ್ತಿಭೇದ. ಆ ಕಾಲದ ಮಿಶನರಿ ಬರಹಗಳಲ್ಲಿ ಇವನ್ನು ಕುರಿತು ಧಾರಾಳ ಮರುಕವಿದೆ. ಮರುಕದಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಅವೆಲ್ಲ ಇದ್ದವು, ಕೆಲವು ಇಂದಿಗೂ ಕ್ಷೇಮವಾಗಿವೆ. ತಮಾಷೆ ಇರುವುದು ಮರುಗಿದವರು ತಾವೇ ಮನೆ ಹೂಡಿದ ಕ್ರಮದಲ್ಲಿ.

ವರ ಇಲ್ಲಿ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ. ವಧು ಅಲ್ಲಿ, ಜರ್ಮನಿಯ ವುರ್ಟೆಂಬರ್ಗಿನ ಯಾವುದೋ ಹಳ್ಳಿಯಲ್ಲಿ. ಅರ್ಜಿ ಮಂಜೂರಾಯಿತೋ, ಕನ್ಯಾನ್ವೇಷಣೆ ಶುರು. ಕೆಲವರು ಮನಸ್ಸಿನಲ್ಲಿದ್ದ ಹೆಸರನ್ನು ಬರೆದು ಕಳಿಸುತ್ತಿದ್ದರು. ಹೆಸರು ತೋಚದವರು ಆಯ್ಕೆಯನ್ನು ಕಮಿಟಿಗೇ ಬಿಡುತ್ತಿದ್ದರು. ಕಮಿಟಿ ಸದ್ದಿಲ್ಲದೆ ವಿಚಾರಣೆ ಮಾಡಿಸುತ್ತಿತ್ತು: ಹುಡುಗಿಯ ಭಕ್ತಿ ಹೇಗೆ, ಮೈಕಟ್ಟು ಹೇಗೆ, ಮನೆತನ ಎಂಥದು, ಹೊಲಿಗೆ ಅಡುಗೆ ಬರುತ್ತದೆಯೆ, ತಗ್ಗಿಬಗ್ಗಿ ನಡೆಯುವವಳೆ. ನಮ್ಮ ಜೋಯಿಸರು ಪಾಪ, ಗ್ರಹಗತಿ ನೋಡಿ ಸುಮ್ಮನಾಗುತ್ತಾರೆ. ಕಮಿಟಿ ನಡತೆಯ ಕಡತವನ್ನೇ ತರಿಸಿಕೊಳ್ಳುತ್ತಿತ್ತು. ಎಲ್ಲ ಕೂಡಿಬಂದರೆ ಹುಡುಗಿಯ ತಂದೆಗೆ ಪತ್ರ. ಹುಡುಗಿ ಬೇಡ ಎನ್ನಬಹುದಿತ್ತು, ಎಂದವರೂ ಇದ್ದರು. ಆದರೆ ಈ ಸಂಬಂಧ ಬರುತ್ತಿದ್ದುದು ದೇವರ ಕರೆ ಎಂಬ ಮೊಹರಿನೊಂದಿಗೆ. ಸೋದರತ್ತೆಯ ಮಗನನ್ನು ಒಲ್ಲೆ ಎಂದು ಅಟ್ಟ ಹತ್ತಿ ಕೂರಬಹುದು. ದೇವರೇ ತಂದ ಗಂಡನ್ನು ಒಲ್ಲೆ ಎಂದು ಯಾವ ಅಟ್ಟ ಹತ್ತುವುದು?

ಒಪ್ಪಿದವಳು ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದಳು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಆಫ್ರಿಕಾದ ತುದಿ ಸುತ್ತಿ ಬರುವ ಹಾಯಿಹಡಗಿಗೆ ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಕೈಯಲ್ಲಿ ಅವನದೊಂದು ಪತ್ರ, ಆಮೇಲಿನ ಕಾಲದಲ್ಲಾದರೆ ಒಂದು ಫೋಟೋ. ದಡದಲ್ಲಿ ಬಿಳಿಯ ಗಡ್ಡಧಾರಿಗಳು ನಾಲ್ಕು ಜನ ನಿಂತಿದ್ದರೆ ತನ್ನವನು ಯಾರು ಎಂದು ಗುರುತು ಹಿಡಿಯುವ ಸಂಕಟ ಬೇರೆ. ಫೋಟೋ ತೆಗೆಸಿಕೊಂಡ ಮೇಲೆ ಅವನಿಗೆ ಎಷ್ಟು ಸಲ ಮಲೇರಿಯಾ ಬಂದು ಹೋಯಿತೋ. ಇಳಿದ ಕೆಲವೇ ದಿನಗಳಲ್ಲಿ ಮದುವೆ. ಪರಿಚಯ, ಮಾತುಕತೆ, ಪ್ರೀತಿ ಇತ್ಯಾದಿ ಬಾಕಿ ಕೆಲಸಗಳು ಆಮೇಲೆ.

ಅಯ್ಯೋ ಪಾಪ ಎನ್ನುವ ಮೊದಲು ನಮ್ಮ ಕಡೆಯ ಎಂಜಿನಿಯರ್ ವರಗಳನ್ನೂ ಸ್ವಲ್ಪ ನೆನೆಯೋಣ. ಹುಡುಗ ಕ್ಯಾಲಿಫೋರ್ನಿಯಾದಲ್ಲಿ, ಹುಡುಗಿ ಶಿವಮೊಗ್ಗದಲ್ಲಿ. ಎರಡು ವಾರದ ರಜೆಯಲ್ಲಿ ನೋಡುವುದು, ಒಪ್ಪುವುದು, ಛತ್ರ, ಊಟ. ಎಂ.ಟೆಕ್. ಓದಿದ ಹುಡುಗಿ ಎಚ್-4 ವೀಸಾದಲ್ಲಿ ಹೋಗಿ, ವರ್ಷಗಟ್ಟಲೆ ಕೆಲಸ ಮಾಡುವ ಹಕ್ಕಿಲ್ಲದೆ, ಅಪಾರ್ಟ್‌ಮೆಂಟಿನಲ್ಲಿ ಕೂತು ಸಾರಿನ ಪುಡಿಯ ಎಕ್ಸ್‌ಪೈರಿ ದಿನಾಂಕ ಓದುತ್ತಾಳೆ. ಮಿಶನರಿಯ ಹೆಂಡತಿಗೂ ಸಂಬಳವಿರಲಿಲ್ಲ. ಆದರೆ ಅವಳಿಗೆ ಕೆಲಸವಿತ್ತು, ಬೇಕಾದಷ್ಟು. ಹೆಣ್ಣುಮಕ್ಕಳ ಶಾಲೆ, ಹೊಲಿಗೆ ತರಗತಿ, ಔಷಧದ ಪೆಟ್ಟಿಗೆ, ಅತಿಥಿಗಳ ಊಟ. ಒಬ್ಬರ ಸಂಬಳಕ್ಕೆ ಇಬ್ಬರನ್ನು ದುಡಿಸಿಕೊಳ್ಳುವ ಲೆಕ್ಕ ಬಾಸೆಲಿನ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಬಿಕ್ ಒಬ್ಬರು ಕೊನೆಯವರೆಗೂ ಮದುವೆಯಾಗಲಿಲ್ಲ. ಇಪ್ಪತ್ತೈದು ವರ್ಷ ಒಂಟಿಯಾಗಿಯೇ ಇದ್ದು 1859ರಲ್ಲಿ ಊರಿಗೆ ಮರಳಿದರು. ತನ್ನದೆಂಬ ಮನೆ ಹೂಡದ ಕೊರತೆಯನ್ನು ಬೇರೆಯವರ ಮನೆ ಹೊಕ್ಕು ತೀರಿಸಿಕೊಂಡರು ಎನ್ನಬೇಕು: ಉದ್ದ ಗಡ್ಡದ ಈ ಮನುಷ್ಯ ಕಣ್ಣಾನೂರಿನ ದಂಡಿನ ಬ್ರಿಟಿಷ್ ಅಧಿಕಾರಿಗಳ ಬಂಗಲೆಗೆ ಕರೆಯದೆ ನುಗ್ಗಿ, ಮಂಡಿಯೂರಿ, ಅವರ ಪಾಪಗಳ ಬಗ್ಗೆ ದೇವರಿಗೆ ಅವರೆದುರೇ ವರದಿ ಒಪ್ಪಿಸುತ್ತಿದ್ದರು. ಪರಂಗಿಗಳನ್ನೂ ಪಾಪಿಗಳ ಪಟ್ಟಿಗೆ ಸೇರಿಸಿದ ಈ ಸಮದೃಷ್ಟಿಗಾಗಿಯಾದರೂ ಅವರ ಮೇಲೆ ನನಗೆ ಒಲವು.

ಇನ್ನು ನಮ್ಮ ಕಿಟೆಲ್. ಎಪ್ಪತ್ತು ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೈಗಿತ್ತು ನಮ್ಮನ್ನು ಶಾಶ್ವತ ಸಾಲಗಾರರನ್ನಾಗಿ ಮಾಡಿದ ಫರ್ಡಿನಂಡ್ ಕಿಟೆಲ್. 1853ರಲ್ಲಿ ಬಂದಾಗ ಯೌವನದ ಹುರುಪಿನಲ್ಲಿ, ಇಲ್ಲಿಯವರಂತೆ ಬದುಕಬೇಕು, ಕಾಲ್ನಡಿಗೆಯಲ್ಲೇ ಊರೂರು ತಿರುಗಬೇಕು ಎಂದು ಹೊರಟರು. ಹಿರಿಯ ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲ. ಇಲ್ಲಿಯವರನ್ನು ತಮ್ಮಂತೆ ಮಾಡಲು ಬಂದವರ ನಡುವೆ ಒಬ್ಬ ತಾನೇ ಇಲ್ಲಿಯವನಾಗಲು ಹೊರಟರೆ ಲೆಕ್ಕ ತಲೆಕೆಳಗಾಗುತ್ತದಲ್ಲ. ಕಿಟೆಲರ ಸಂಸಾರ ಮಾತ್ರ ಯಾವ ಪ್ರಯತ್ನವೂ ಇಲ್ಲದೆ ನಮ್ಮ ದಾರಿಗೆ ಬಂತು. 1860ರಲ್ಲಿ ಪೌಲೀನ್ ಐಟ್ ಅವರನ್ನು ಮದುವೆಯಾದರು. ಆಕೆ ನಾಲ್ಕೇ ವರ್ಷಕ್ಕೆ ತೀರಿಕೊಂಡರು. 1867ರಲ್ಲಿ ಎರಡನೆಯ ಮದುವೆ, ಪೌಲೀನರ ತಂಗಿ ಜೂಲಿಯೊಂದಿಗೆ. ಅಕ್ಕನ ಮಕ್ಕಳನ್ನು ಪರರು ನೋಡಿಯಾರೇ, ತಂಗಿಯನ್ನೇ ಕೊಟ್ಟುಬಿಡಿ ಎಂದು ಸಲಹೆ ಕೊಡುವ ಮುದುಕಿಯರು ನಮ್ಮ ಪ್ರತಿ ಅಗ್ರಹಾರದಲ್ಲೂ, ಪ್ರತಿ ಕೇರಿಯಲ್ಲೂ ಇದ್ದರು. ಅವರ ಶಾಖೆಗಳು ವುರ್ಟೆಂಬರ್ಗಿನಲ್ಲೂ ಇದ್ದವು ಎಂದಾಯಿತು.

ಈಗ ಮನೆಯೊಳಗೆ ಬರೋಣ. ಮಿಶನ್ ಶಾಲೆಗೆ ಸೇರಿ ಹಡಗು ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ರೈತರ, ಬಡಗಿಗಳ, ನೇಕಾರರ ಮಕ್ಕಳು. ಊರಲ್ಲಿ ಸಗಣಿ ಬಾಚಿದ ಕೈ, ಉಳಿ ಹಿಡಿದ ಕೈ. ಇಲ್ಲಿ ಕಾಲಿಟ್ಟ ದಿನವೇ ಅವನು ಪಾದ್ರಿ ದೊರೆ, ಅಯ್ಯನವರು, ಅವಳು ದೊರೆಸಾನಿ. ಊರಲ್ಲಿ ತಾನೇ ಹಸು ಕರೆದು ಬೆಣ್ಣೆ ಕಡೆಯುತ್ತಿದ್ದ ಹುಡುಗಿಯ ಎದುರು ಕುಶಿನಿಯವ, ಆಯಾ, ನೀರು ಹೊರುವವ, ಅಗಸ, ತೋಟದವ ಸಾಲಾಗಿ ಕೈಮುಗಿದು ನಿಲ್ಲುತ್ತಾರೆ. ವಿನಯ ಬೋಧಿಸಲು ಇಷ್ಟು ಜನರ ಸಹಾಯ ಬೇಕಾಗುತ್ತದೆ ಎಂದು ಬೈಬಲ್ ಮೊದಲೇ ತಿಳಿಸಿರಲಿಲ್ಲ.

ಜಾತಿಯ ಮೊದಲ ಪಾಠವೂ ಅವಳಿಗೆ ಆಗುವುದು ಇಲ್ಲೇ. ಅಡುಗೆಯವನು ಪೊರಕೆ ಮುಟ್ಟುವುದಿಲ್ಲ. ಪೊರಕೆಯವಳನ್ನು ಅಡುಗೆಮನೆಗೆ ಬಿಡುವುದಿಲ್ಲ. ನೀರಿನವನು ಕಕ್ಕಸಿನ ಕಡೆ ತಲೆಹಾಕುವುದಿಲ್ಲ. ಎಲ್ಲ ಮನುಷ್ಯರೂ ಒಂದೇ ಎಂದು ಭಾನುವಾರ ಗಂಡ ಪ್ರಸಂಗ ಮಾಡಿ ಬರುತ್ತಾನೆ. ಸೋಮವಾರ ಬೆಳಿಗ್ಗೆ ಮನೆ ನಡೆಯಬೇಕಾದರೆ ಯಾರ ಕೈಗೆ ಯಾವ ಕೆಲಸ ಎಂಬ ಶಾಸ್ತ್ರ ದೊರೆಸಾನಿಗೆ ಕಂಠಪಾಠವಾಗಿರಬೇಕು. ಆರು ತಿಂಗಳಲ್ಲಿ ಅವಳು ಅದನ್ನು ನಮ್ಮ ಯಾವ ಅತ್ತೆಗೂ ಕಡಿಮೆಯಿಲ್ಲದಂತೆ ನಡೆಸುತ್ತಾಳೆ.

ಬಾಸೆಲ್ ಮಿಶನ್ನಿನ ಸಂಗ್ರಹದಲ್ಲಿ ಇಂಥ ಮನೆಗಳ ಫೋಟೋಗಳಿವೆ. ಚಾವಡಿಯಲ್ಲಿ ಕುರ್ಚಿ ಹಾಕಿ ಕೂತ ಕುಟುಂಬ, ಅಂಗಳದಲ್ಲೋ ನೆಲದ ಮೇಲೋ ಆಳುಕಾಳು. ಹೆಂಗಸರ ಉಡುಪು ನೋಡಿದರೆ ನನಗೆ ಇಲ್ಲಿ ಕೂತೇ ಬೆವರುತ್ತದೆ: ಕೊರಳಿನಿಂದ ಹಿಮ್ಮಡಿಯವರೆಗೆ ಗುಂಡಿ ಹಾಕಿದ ಕಡುಬಣ್ಣದ ಅಂಗಿ, ಉದ್ದ ತೋಳು, ಬಿಗಿದ ಸೊಂಟ. ಇದು ಮಂಗಳೂರಿನ ಏಪ್ರಿಲಿನಲ್ಲಿ. ಇಲ್ಲಿನ ಹೆಂಗಸರಿಗೆ ಮೈತುಂಬ ಬಟ್ಟೆ ಉಡಿಸುವುದು ಸುಧಾರಣೆಯ ಒಂದು ಅಂಗವಾಗಿತ್ತು. ಉಡಿಸುವವರು ಮಾದರಿಯಾಗಿ ತಾವೇ ಬೇಯಬೇಕಾಗಿತ್ತು. ಜೂನ್ ಬಂದರೆ ಬೇರೆ ಕಥೆ. ಮುರಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಚರ್ಮದ ರಟ್ಟಿನ ಬೈಬಲ್ಲಿಗೆ ಬೂಷ್ಟು. ಊರಿನಿಂದ ತಂದ ಕಪಾಟಿಗೆ ಗೆದ್ದಲು. ಯಾವ ಧರ್ಮದ ಪುಸ್ತಕವೆಂದು ಗೆದ್ದಲು ವಿಚಾರಿಸುವುದಿಲ್ಲ, ನಮ್ಮ ತಾಳೆಗರಿಗಳಿಗೂ ಅದು ಇದೇ ಗೌರವ ತೋರಿಸಿದೆ.

ಭಾಷೆಯ ವಿಷಯದಲ್ಲಿ ಗಂಡಹೆಂಡಿರ ನಡುವೆ ಕೆಲಸ ಹಂಚಿಕೆಯಾಗಿತ್ತು ಎಂದು ಕಾಣುತ್ತದೆ. ಗಂಡ ಮುನ್ಷಿಯನ್ನು ಕೂರಿಸಿಕೊಂಡು ಗ್ರಾಂಥಿಕ ಕನ್ನಡ ಕಲಿಯುತ್ತಿದ್ದ. ಕಿಟೆಲ್ ಅಂತೂ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಅಚ್ಚು ಹಾಕಿಸಿದರು. ಆ ಕಾಲದ ಕನ್ನಡಿಗರಲ್ಲೇ ಅವನ್ನು ಓದಿದವರು ಎಷ್ಟಿದ್ದರೋ. ಆದರೆ ಶಬ್ದಮಣಿದರ್ಪಣದಲ್ಲಿ ಬಂಗುಡೆಗೆ ದರ ಕೇಳುವ ಸೂತ್ರವಿಲ್ಲ. ಬೆಳಗಾದರೆ ಬುಟ್ಟಿ ಹೊತ್ತು ಬಾಗಿಲಿಗೆ ಬರುವ ಮೀನಿನವಳು ಹಳಗನ್ನಡದ ಸಂಧಿಗೆಲ್ಲ ಬಗ್ಗುವವಳಲ್ಲ. ಅವಳೊಡನೆ ತುಳುವಿನಲ್ಲಿ ಚೌಕಾಸಿ ನಡೆಸಿ ಮನೆಯವರ ಹೊಟ್ಟೆ ತುಂಬಿಸಿದ ಹೆಂಗಸಿನ ವಿದ್ವತ್ತಿಗೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡಲಿಲ್ಲ.

ಒಂದೇ ಆವರಣದಲ್ಲಿ ನಾಲ್ಕಾರು ಮಿಶನರಿ ಕುಟುಂಬಗಳು ಇದ್ದವೆಂದರೆ ವಾರಗಿತ್ತಿಯರ ಜಗಳ ಇದ್ದೇ ಇರುತ್ತದೆ. ನಮ್ಮಲ್ಲಾದರೆ ಚಾಡಿ ಹೇಳುವುದು ಕೆಟ್ಟ ಬುದ್ಧಿ ಎಂದು ಹೇಳಿಕೊಂಡೇ ಚಾಡಿ ಹೇಳುತ್ತೇವೆ. ಬಾಸೆಲ್ ಮಿಶನ್ ಅದನ್ನು ಕರ್ತವ್ಯದ ಪಟ್ಟಿಗೆ ಸೇರಿಸಿತ್ತು. ಜೊತೆಗಾರನ ನಡತೆಯಲ್ಲಿ ಓರೆಕೋರೆ ಕಂಡರೆ ಕಮಿಟಿಗೆ ಬರೆದು ತಿಳಿಸುವುದು ಸಹೋದರ ಧರ್ಮ. ಪ್ರತಿಯೊಬ್ಬನೂ ಬರೆಯುತ್ತಿದ್ದ, ಪ್ರತಿಯೊಬ್ಬನ ಬಗ್ಗೆಯೂ ಬರೆಯಲಾಗುತ್ತಿತ್ತು. ಇಂದು ಮಿಶನ್ನಿನ ದಫ್ತರಖಾನೆ ಸಂಶೋಧಕರಿಗೆ ಚಿನ್ನದ ಗಣಿಯಾಗಿರುವುದರಲ್ಲಿ ಈ ಸಹೋದರ ಧರ್ಮದ ಪಾಲು ದೊಡ್ಡದು.

ಬಂಗಲೆಯ ಆಚೆಗೆ ಇನ್ನೊಂದು ಸಂಸಾರ ಬೆಳೆಯಿತು. ಮತಾಂತರವಾದವನನ್ನು ಮನೆ ಹೊರಗೆ ಹಾಕಿತು, ಜಾತಿ ಹೊರಗೆ ಹಾಕಿತು, ಒಡೆಯ ಗೇಣಿಯಿಂದ ಬಿಡಿಸಿದ. ತುಳುನಾಡಿನಲ್ಲಿ ಹೆಚ್ಚಾಗಿ ಬಂದವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ಅದು ಪಾಪದ ಕಸುಬು, ಬಿಡಬೇಕು ಎಂದಿತು ಮಿಶನ್. ಹೇಳಿದವರು ಬಂದದ್ದು ಗುಡ್ಡದ ತುಂಬ ದ್ರಾಕ್ಷಿ ತೋಟಗಳಿರುವ ವುರ್ಟೆಂಬರ್ಗಿನಿಂದ. ದ್ರಾಕ್ಷಿಯ ರಸ ಹುಳಿ ಬಂದರೆ ಸಂಸ್ಕಾರ, ತಾಳೆಯ ರಸ ಹುಳಿ ಬಂದರೆ ಪಾಪ. ಮರದ ಜಾತಿಯ ಪ್ರಶ್ನೆ ಇದು. ಹಾಗೆ ಬಿಡಿಸಿದ ಮೇಲೆ ಆ ಬಾಯಿಗಳಿಗೆ ಗಂಜಿ ಕಾಣಿಸುವ ಹೊಣೆ ಹೆಗಲೇರಿತು. ಆತ್ಮೋದ್ಧಾರಕ್ಕೆ ಬಂದವರು ಮಗ್ಗ ಹೂಡಿದರು, ಅಚ್ಚುಕೂಟ ಇಟ್ಟರು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಬೆಳಿಗ್ಗೆ ಗಂಟೆ, ಪ್ರಾರ್ಥನೆ, ಆಮೇಲೆ ಜೇಡಿಮಣ್ಣು.

ಹೀಗೆ ಎಲ್ಲ ಸುಸೂತ್ರವಾಗಿ ಮನೆ ಒಗ್ಗಿತು ಎನ್ನುವಷ್ಟರಲ್ಲಿ ಮಕ್ಕಳಾಗುತ್ತಿದ್ದವು. ಅಪ್ಪ ವರ್ಷಗಟ್ಟಲೆ ಮುನ್ಷಿಗೆ ಸಂಬಳ ಕೊಟ್ಟು ತಡವರಿಸಿ ಕಲಿತ ಭಾಷೆಯನ್ನು ಮಗು ಆಯಾಳ ಸೊಂಟದ ಮೇಲೆ ಕೂತು ಬಿಟ್ಟಿಯಾಗಿ ಕಲಿಯುತ್ತಿತ್ತು. ಅವಳ ಕೈಯಿಂದ ಉಣ್ಣುತ್ತಿತ್ತು, ಅವಳ ದೆವ್ವಗಳಿಗೆ ಹೆದರುತ್ತಿತ್ತು. ಕಮಿಟಿಗೆ ದಿಗಿಲಾಯಿತು. ನಾಡನ್ನೇ ಕ್ರೈಸ್ತವಾಗಿಸಲು ಹೋದವರ ತೊಟ್ಟಿಲಿನಿಂದಲೇ ಮತಾಂತರ ಶುರುವಾದರೆ? ಹವೆ ಸರಿಯಿಲ್ಲ, ಶಾಲೆಯಿಲ್ಲ, ಸುತ್ತಲಿನ ಸಹವಾಸ ಒಳ್ಳೆಯದಲ್ಲ ಎಂದೆಲ್ಲ ಕಾರಣ ಕೊಟ್ಟು 1853ರಲ್ಲಿ ಕಟ್ಟಳೆ ಬಂತು. ಆಗ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದವರು ಇನ್‌ಸ್ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್, ಶಿಸ್ತಿಗೆ ಹೆಸರಾದವರು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಬೇಕು. ಬಾಸೆಲಿನಲ್ಲಿ ಅವರಿಗಾಗಿ ಮಕ್ಕಳ ಮನೆ. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದರೆ ಮತ್ತೆ ನೋಡಲು ಹತ್ತು ವರ್ಷವೂ ಆದೀತು, ನೋಡದೆಯೂ ಹೋದೀತು.

ಎಂಟು ವರ್ಷದ ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ತಾಯಂದಿರನ್ನು ಕಂಡು ಕಲ್ಲುಹೃದಯದವರು ಎಂದು ಬರೆದ ಜನ ಇವರು. ಆ ಹುಡುಗಿಯ ಗಂಡನ ಮನೆ ಹೆಚ್ಚೆಂದರೆ ನಾಲ್ಕು ಊರು ಆಚೆ. ನಾಗರಪಂಚಮಿಗೆ ಅಣ್ಣ ಹೋಗಿ ಕರೆತರಬಹುದಿತ್ತು.

ತಾಯಂದಿರು ಅತ್ತರು. ಅದರಲ್ಲಿ ಅನುಮಾನಪಡುವುದಕ್ಕೇನೂ ಇಲ್ಲ. ಅತ್ತು, ಪ್ರಾರ್ಥಿಸಿ, ಮುಂದಿನ ಮಗುವಿಗೆ ಅಂಗಿ ಹೊಲಿಯುತ್ತ ಕೂತರು.

ಒಂದೇ ಮನೆಯ ಉದಾಹರಣೆ ಸಾಕು. ತಲಶ್ಶೇರಿಯ ಹರ್ಮನ್ ಗುಂಡರ್ಟ್, ಮಲಯಾಳಿಗಳ ಕಿಟೆಲ್. 1872ರಲ್ಲಿ ಮಲಯಾಳಂ ನಿಘಂಟು ಕೊಟ್ಟವರು. ಹೆಂಡತಿ ಜೂಲಿ ಡುಬ್ವಾ ಫ್ರೆಂಚ್ ಮಾತಿನ ಸ್ವಿಸ್ ಮಹಿಳೆ. ಇಬ್ಬರೂ 1838ರಲ್ಲೇ ಇಲ್ಲೇ ಮದುವೆಯಾಗಿ ಆಮೇಲೆ ಬಾಸೆಲ್ ಮಿಶನ್ ಸೇರಿದವರಾದ್ದರಿಂದ ಅರ್ಜಿಯ ಕಾಟ ತಪ್ಪಿತು. ಮಗಳು ಮಾರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಕಟ್ಟಳೆ ಬರುವ ಮೊದಲೇ, ನಾಲ್ಕರ ಸುಮಾರಿಗೆ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಮತ್ತೆ ಅಪ್ಪ ಅಮ್ಮನ ಬಳಿಗೆ ಅವಳು ಹೊರಟದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಬರುವ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಮೇಲೆ ಮನಸ್ಸಾಯಿತು, ಅವನಿಗೂ ಆಯಿತು. ಅಪ್ಪ ಆಗಗೊಡಲಿಲ್ಲ. ಹನ್ನೊಂದು ವರ್ಷ ಮಗಳ ಮುಖ ನೋಡದಿದ್ದ ಅಪ್ಪನಿಗೆ ಅವಳ ಗಂಡ ಯಾರಾಗಬೇಕೆಂಬುದು ಮಾತ್ರ ಖಚಿತವಾಗಿ ಗೊತ್ತಿತ್ತು. ಇದಕ್ಕಿಂತ ಅಪ್ಪಟ ಭಾರತೀಯ ತಂದೆಯನ್ನು ನಾನು ಕಂಡಿಲ್ಲ. ಮುಂದೆ ಮಾರಿ 1865ರಲ್ಲಿ ಒಬ್ಬ ಮಿಶನರಿಯನ್ನು ಮದುವೆಯಾದರು, ಅವರು ತೀರಿದ ಮೇಲೆ 1874ರಲ್ಲಿ ಇಂಡಿಯಾದಲ್ಲಿ ದುಡಿದು ಮರಳಿದ್ದ ಇನ್ನೊಬ್ಬ ಮಿಶನರಿ ಯೋಹಾನೆಸ್ ಹೆಸ್ಸೆಯನ್ನು. ಜಾತಿ ಬಿಟ್ಟು ಕೊಡಲಿಲ್ಲ ನೋಡಿ, ಎರಡು ಸಲವೂ.

ಆ ದಂಪತಿಗಳ ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ದಂಪತಿಗಳು 1884ರಲ್ಲಿ ಬಾಸೆಲಿನಲ್ಲೇ ವಾಸವಾಗಿದ್ದರು. ಇಂಡಿಯಾದ ಹವೆಯಿಲ್ಲ, ಆಯಾ ಇಲ್ಲ, ದೆವ್ವದ ಕಥೆಯಿಲ್ಲ, ಹಡಗೂ ಬೇಕಿಲ್ಲ. ಆದರೂ ತಂಟೆ ಮಾಡುತ್ತಿದ್ದ ಆರು ವರ್ಷದ ಹುಡುಗನನ್ನು ಅದೇ ಊರಿನ ಮಿಶನ್ನಿನ ಹುಡುಗರ ಮನೆಯಲ್ಲಿ ಕೆಲವು ತಿಂಗಳು ಬಿಟ್ಟರು, ಭಾನುವಾರ ಮನೆಗೆ ಬರಲು ಅಪ್ಪಣೆ. ರೂಢಿ ಎಂದರೆ ಇದು. ಅವನು ದೊಡ್ಡವನಾಗಿ 1922ರಲ್ಲಿ ‘ಸಿದ್ಧಾರ್ಥ’ ಬರೆದ. ಮನೆ ಬಿಟ್ಟು ಹೊರಡುವ ಬ್ರಾಹ್ಮಣ ಹುಡುಗನ ಕಥೆ. ಅಜ್ಜ ಇಂಡಿಯಾವನ್ನು ಮನೆಯೊಳಕ್ಕೆ ಬರಗೊಡಬಾರದೆಂದು ಮಗಳನ್ನು ಸಾಗರದಾಚೆ ಇಟ್ಟರೂ ಅದು ಮೊಮ್ಮಗನ ಮೇಜಿನ ಮೇಲೆ ಬಂದು ಕೂತಿತು.

ತಿರುಗುಮುರುಗಾದ ಸಂಸಾರವೂ ಒಂದಿತ್ತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು. ಗುರು, ಬಾಸೆಲ್ ಮಿಶನರಿ ಹರ್ಮನ್ ಮೋಗ್ಲಿಂಗರ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಆದರು. ಊರಲ್ಲಿ ಗದ್ದಲವೆದ್ದಿತು. ಹೆಂಡತಿಯನ್ನು ಅವಳ ಕಡೆಯವರು ಕಳಿಸಲಿಲ್ಲ. ಆಕೆ ಬಂದು ಸೇರಲು ವರ್ಷಗಳೇ ಹಿಡಿದವು. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಮೊದಲ ಹೆಂಡತಿ ತೀರಿದ ಮೇಲೆ 1860ರಲ್ಲಿ ಜರ್ಮನಿಯ ಮಾರಿ ರೈನ್‌ಹಾರ್ಟ್ ಅವರೊಡನೆ ಮದುವೆ. ಇಸವಿ ಗಮನಿಸಿ: ಸಿಪಾಯಿ ದಂಗೆ ಆಗಿ ಮೂರೇ ವರ್ಷ, ದೇಶದ ತುಂಬ ಬಿಳಿಯರು ಕರಿಯರ ಕಡೆ ಅನುಮಾನದಿಂದ ನೋಡುತ್ತಿದ್ದ ಕಾಲ. ಜಾತಿಯ ಹತ್ತು ಸಮಸ್ತರು ಬಿಟ್ಟರೂ, ಬಾಸೆಲಿನ ಹತ್ತು ಸಮಸ್ತರು ಒಪ್ಪಿದರೂ ಬದುಕು ನಡೆಸಿ ತೋರಿಸಿದ ಮನುಷ್ಯ. ಎರಡೂ ಕಮಿಟಿಗಳ ರುಚಿ ಕಂಡವರು ಅವರೊಬ್ಬರೇ ಇರಬೇಕು.

ನಮ್ಮವರೇನು ಕಡಿಮೆಯೆ? ಪಾದ್ರಿಯ ಮನೆಯಲ್ಲಿ ಒಂದು ಲೋಟ ನೀರು ಮುಟ್ಟದ ಮಹನೀಯರು ಮಕ್ಕಳನ್ನು ಮಾತ್ರ ಪಾದ್ರಿಯ ಶಾಲೆಗೆ ಸಾಲುಗಟ್ಟಿ ಕಳಿಸಿದರು. ಇಂಗ್ಲಿಷ್ ಬಂದರೆ ಕಚೇರಿಯಲ್ಲಿ ಗುಮಾಸ್ತಿಕೆ. ಮನೆಗೆ ಬಂದ ಹುಡುಗ ಶಾಲೆಯ ಅಂಗಿ ಹೊರಗೆ ಕಳಚಿ, ಮಿಂದು ಒಳಬರಬೇಕಿತ್ತು ಎಂಬುದು ಹಳೆಯ ಮನೆಗಳಲ್ಲಿ ಕೇಳಿಬರುವ ಮಾತು. ಬಾವಿಯ ನಾಲ್ಕು ಕೊಡ ನೀರಿಗೆ ಶೇಕ್ಸ್‌ಪಿಯರ್ ತೊಳೆದುಹೋಗುತ್ತಿರಲಿಲ್ಲ, ಸದ್ಯ. 1843ರ ಜುಲೈ 1ರಂದು ಮೋಗ್ಲಿಂಗರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದರು. ಇವತ್ತಿಗೂ ಆ ದಿನ ನಾವು ಪತ್ರಕರ್ತರು ಶಾಲು ಹೊದ್ದು, ಹೊದಿಸಿ, ಪತ್ರಿಕಾ ದಿನ ಆಚರಿಸುತ್ತೇವೆ. ಈ ಅಂಕಣದ ಕಸುಬಿಗೂ ಮೂಲಪುರುಷರು ಅವರೇ ಎಂದ ಮೇಲೆ ನಾನು ಇಷ್ಟು ಹೊತ್ತು ಮಾಡಿದ್ದು ಪಿತೃದ್ರೋಹ. ಶ್ರಾದ್ಧದ ದಿನ ಹಿರಿಯರ ಗುಣಗಾನ ಮುಗಿದ ಮೇಲೆ ಜಗಲಿಯಲ್ಲಿ ನಡೆಯುವ ಮಾತುಕತೆ ಎಂದು ಇದನ್ನು ತಿಳಿದರೆ ಸಾಕು.

1914ರಲ್ಲಿ ಯುದ್ಧ ಬಂತು. ಎಂಬತ್ತು ವರ್ಷ ದೊರೆಯಾಗಿದ್ದವರು ಬೆಳಗಾಗುವುದರಲ್ಲಿ ಶತ್ರು ರಾಷ್ಟ್ರದ ಪ್ರಜೆಗಳಾದರು. ಜರ್ಮನ್ ಮಿಶನರಿಗಳನ್ನು ಅಹಮದ್‌ನಗರದ ಬಂದಿಶಿಬಿರಕ್ಕೆ ಸಾಗಿಸಿ, ಆಮೇಲೆ ದೇಶಕ್ಕೆ ಅಟ್ಟಿದರು. ನಿಮ್ಮ ಧರ್ಮವೂ ನಮ್ಮ ಧರ್ಮವೂ ಒಂದೇ ಎಂಬ ಮಾತು ಇಂಗ್ಲಿಷರೆದುರು ನಡೆಯಲಿಲ್ಲ. ಮಗ್ಗ, ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಮನೆಯವರು ಹೋದರು, ಮಾಡು ಉಳಿಯಿತು.

ಅಷ್ಟರಲ್ಲಾಗಲೇ ಆ ಮಾಡು ಕರಾವಳಿಯ ತಲೆಗಳ ಮೇಲೆಲ್ಲ ಹಬ್ಬಿತ್ತು. ಮುಳಿಹುಲ್ಲು, ಮಡಲು ಹೊದೆಯುತ್ತಿದ್ದ ಮನೆಗಳಿಗೆ ಬಾಸೆಲ್ ಮಿಶನ್ ಹೆಂಚು. ಶಾಲೆ, ಕಚೇರಿ, ಮಸೀದಿ, ದೇವಸ್ಥಾನದ ಚಂದ್ರಶಾಲೆ, ಎಲ್ಲಕ್ಕೂ ಅದೇ. ಒಂದೊಂದರ ಮೇಲೂ ಸಂಸ್ಥೆಯ ಹೆಸರಿನ ಅಚ್ಚು. ಮಡಿಯುಟ್ಟ ಗೃಹಸ್ಥರು ಅದರಡಿಯಲ್ಲೇ ಸಂಧ್ಯಾವಂದನೆ ಮಾಡಿದರು, ಅದರಡಿಯಲ್ಲೇ ಮತಾಂತರದ ಪಿಡುಗಿನ ಬಗ್ಗೆ ಸಭೆ ಸೇರಿದರು. ಪಾದ್ರಿಯ ಕಾರ್ಖಾನೆಯಲ್ಲಿ, ಜಾತಿ ಕೆಟ್ಟವರ ಕೈಯಲ್ಲಿ ತಟ್ಟಿದ ಹೆಂಚು ಮನೆಗೆ ಹೇಗೆ ಸಲ್ಲುತ್ತದೆ ಎಂದು ಯಾರಾದರೂ ಕೇಳಿದ್ದರೆ ಬೆಂಕಿಯಲ್ಲಿ ಬೆಂದದ್ದಕ್ಕೆ ಮೈಲಿಗೆಯಿಲ್ಲ ಎಂದು ಉತ್ತರ ಕೊಡುವ ಪಂಡಿತರು ಸಿಗದೆ ಇರುತ್ತಿರಲಿಲ್ಲ. ಪಾದ್ರಿಯ ಮನೆಯ ಬ್ರೆಡ್ಡೂ ಬೆಂಕಿಯಲ್ಲೇ ಬೆಂದದ್ದು. ಅದು ಮಳೆಗೆ ತಡೆಯುತ್ತಿರಲಿಲ್ಲ, ಅಷ್ಟೆ.